ಸಾಹುಕಾರರ ಕಾರಿನ ಕೆಮ್ಮು

ತಾಯಂದಿರೇ, ಅಣ್ಣಂದಿರೇ, ಇವತ್ತು ಕೇಳಿಸಿಕೊಳ್ಳುವುದರ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಮೈಕಿನ ಮುಂದೆ ಕೂತವನು ಕೇಳಿಸಿಕೊಳ್ಳುವುದರ ಬಗ್ಗೆ ಹೇಳುವುದೆಂದರೆ ಅಡುಗೆಭಟ್ಟ ಉಪವಾಸದ ಮಹಿಮೆ ಹೇಳಿದ ಹಾಗೆ. ಆದರೂ ಹೇಳುತ್ತೇನೆ. ಮೊದಲು ಒಂದು ಕಥೆ. ಅದು ಮುಂದೆ ನಡೆದರೆ ಉಪದೇಶ ತಾನಾಗಿ ಹಿಂದೆ ಬರುತ್ತದೆ, ಆಕಳ ಹಿಂದೆ ಕರು ಬಂದ ಹಾಗೆ.

ಇಲ್ಲಿಂದ ಬಹಳ ದೂರವಲ್ಲದ ಒಂದೂರು. ಆ ಊರಿನಲ್ಲಿ ಸಿರಿವಂತರೊಬ್ಬರು ಬಾಳುತ್ತಿದ್ದರು. ಗುರುಪಾದಪ್ಪ ಎಂದು ಕರೆಯೋಣ. ಹೆಸರು ಬದಲಿಸಿ ಹೇಳುತ್ತಿದ್ದೇನೆ, ಆದ್ದರಿಂದ ಯಾರೂ ಹಿಂದೆ ಮುಂದೆ ತಿರುಗಿ ನೋಡಬೇಡಿ. ಅವರದು ಶೇಂಗಾ ಎಣ್ಣೆಯ ಗಿರಣಿ. ಒಂದು ಹನಿ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, ಕಾಳು ಈ ವರ್ಷದ್ದೋ ಹೋದ ವರ್ಷದ್ದೋ ಹೇಳಿಬಿಡುತ್ತಿದ್ದರು. ಒಳ್ಳೆಯ ಮನುಷ್ಯ, ಕೊಡುಗೈ. ನಮ್ಮ ಮಠದ ದಾಸೋಹದಲ್ಲಿ ಒಗ್ಗರಣೆ ಸಿಡಿಯುವುದು ಅವರ ಎಣ್ಣೆಯಿಂದಲೇ. ಇದ್ದ ದೋಷ ಒಂದೇ. ಮನೆಯೊಳಗೆ ಹೋಗುವಾಗ ಚಪ್ಪಲಿಯ ಜೊತೆ ಕಿವಿಯನ್ನೂ ಹೊರಗೇ ಬಿಟ್ಟು ಹೋಗುತ್ತಿದ್ದರು.

ನಗುತ್ತಿದ್ದೀರಿ. ನಗಿ. ಇನ್ನೂ ಸ್ವಲ್ಪ ಹೊತ್ತು ನಗಬಹುದು.

ಗುರುಪಾದಪ್ಪನವರ ಹತ್ತಿರ ದೊಡ್ಡದೊಂದು ಬಿಳಿ ಕಾರಿತ್ತು. ದಿನಾ ಮುಂಜಾನೆ ಅದನ್ನು ತಾವೇ ಒರೆಸುತ್ತಿದ್ದರು, ಬಾಗಿಲು ತೆಗೆದು ಕೂರುತ್ತಿದ್ದರು, ಚಾವಿ ತಿರುಗಿಸುತ್ತಿದ್ದರು. ಅದೇ ಹೊತ್ತಿಗೆ ಅವರ ಮನೆಯವರು, ನೀಲಗಂಗಮ್ಮ, ಅಂಗಳದಲ್ಲಿ ಕೂತು ರಂಗೋಲಿ ಹಾಕುತ್ತಿರುತ್ತಿದ್ದರು. ಕಾರಿನ ಮೂತಿಗೂ ಆ ತಾಯಿಯ ಬೆನ್ನಿಗೂ ಮೂರು ಮೊಳ ಅಂತರ. ಒಂದು ದಿನ ಕಾರು ಚಾಲೂ ಆಗುವಾಗ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ ಕಟಕಟಕಟ ಎಂದಿತು. ಆಮೇಲೆ ಸುಮ್ಮನಾಯಿತು.

"ರೀ, ಕಾರು ಕೆಮ್ಮಾಕತ್ತೈತಿ ನೋಡ್ರಿ" ಎಂದರು ನೀಲಗಂಗಮ್ಮ.

"ಮುಂಜಾನಿ ಎದ್ದಕೂಡಲೆ ನಾನೂ ಕೆಮ್ಮತೀನಿ. ನನಗೇನಾಗೇತಿ ಈಗ?" ಎಂದರು ಸಾಹುಕಾರರು.

ಮಾತು ಮುಗಿಯಿತು. ಕಾರು ಹೋಯಿತು.

ನೋಡಿ, ಎಂಜಿನ್ನಿನ ಒಳಗೆ ಏನಿರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಆಮೇಲೆ ತಿಳಿದವರನ್ನು ಕೇಳಿಕೊಂಡೆ. ಒಳಗೆ ಪಿಸ್ಟನ್ ಎಂಬುದು ಮೇಲೆ ಕೆಳಗೆ ಓಡಾಡುತ್ತದೆಯಂತೆ. ಅದರ ನೆತ್ತಿಯ ಮೇಲೆ ವಾಲ್ವುಗಳೆಂಬ ಪುಟ್ಟ ಬಾಗಿಲುಗಳು. ಪಿಸ್ಟನ್ ತುದಿಗೆ ಬರುವ ಹೊತ್ತಿಗೆ ಬಾಗಿಲು ದಾರಿ ಬಿಟ್ಟಿರಬೇಕು, ಇಲ್ಲದಿದ್ದರೆ ಹಣೆಗೆ ಹಣೆ. ಈ ಇಬ್ಬರ ತಾಳ ತಪ್ಪದಂತೆ ಹಿಡಿದಿಡುವುದು ಒಂದು ಸರಪಳಿ, ಟೈಮಿಂಗ್ ಚೈನ್. ವರ್ಷಗಟ್ಟಲೆ ತಿರುಗಿ ಅದರ ಕೊಂಡಿಗಳು ಸವೆಯುತ್ತವೆ, ಚೈನು ಸಡಿಲಾಗುತ್ತದೆ. ಆ ಸಡಿಲವನ್ನು ಒತ್ತಿ ಹಿಡಿಯಲು ಒಳಗೊಂದು ಏರ್ಪಾಟು ಇದೆ, ಅದಕ್ಕೆ ಬಲ ಬರುವುದು ಎಣ್ಣೆಯಿಂದ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಣ್ಣೆ ತಳಕ್ಕೆ ಇಳಿದಿರುತ್ತದೆ. ಹಾಗಾಗಿ ಮುಂಜಾನೆಯ ಮೊದಲ ಮೂರು ಕ್ಷಣ ಮಾತ್ರ ಚೈನು ಗೋಡೆಗೆ ಬಡಿದುಕೊಳ್ಳುತ್ತದೆ. ಎಣ್ಣೆ ಏರಿತೋ, ಸದ್ದಿಲ್ಲ. ಇಡೀ ದಿನದಲ್ಲಿ ಮೂರೇ ಕ್ಷಣ ಅದು ನಿಜ ಹೇಳುತ್ತದೆ. ಆಗ ಹತ್ತಿರ ಇದ್ದವರಿಗೆ ಕೇಳಿಸಿತು, ಇಲ್ಲವೋ ಇಲ್ಲ.

ಹತ್ತಿರ ಯಾರಿದ್ದರು? ತಾಯಿ ಇದ್ದರು. ಹೇಳಿದರು. ಒಮ್ಮೆಯಲ್ಲ, ದೀಪಾವಳಿಗೆ ಹೇಳಿದರು, ಸಂಕ್ರಾಂತಿಗೆ ಹೇಳಿದರು, ಯುಗಾದಿಗೆ ಬೇವುಬೆಲ್ಲ ಕೈಗಿಟ್ಟು ಹೇಳಿದರು. ಸಾಹುಕಾರರಿಗೆ ಬೇವಿನ ಕಹಿಯಷ್ಟೂ ತಾಗಲಿಲ್ಲ. ಕಡೆಗೆ ಸಾಹುಕಾರರೇ ಬೇಸತ್ತು ಬಸ್‌ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನ ಒಬ್ಬ ಮೇಸ್ತ್ರಿಗೆ ಕಾರು ತೋರಿಸಿದರು. ಆ ಮೇಸ್ತ್ರಿ ಬಹಳ ಸಂಭಾವಿತ. ಎಂಜಿನ್ನಿನ ಮುಖ ನೋಡಲಿಲ್ಲ, ಸಾಹುಕಾರರ ಮುಖ ನೋಡಿದ.

"ಸಾವ್ಕಾರ್ರ ಗಾಡಿಗೆ ಏನ್ ಆಗತೈತ್ರಿ? ಸ್ವಲ್ಪ ದಪ್ಪ ಎಣ್ಣಿ ಹಾಕಿದ್ರ ಮುಗೀತ್ರಿ."

ದಪ್ಪ ಎಣ್ಣೆ ಹಾಕಿದ. ಸದ್ದು ಕಡಿಮೆಯಾಯಿತು. ಸಾಹುಕಾರರು ಮನೆಗೆ ಬಂದು ಕಾರು ಚಾಲೂ ಮಾಡಿ, ಹೆಂಡತಿಯನ್ನು ಕರೆದು, "ಈಗೇನಂತಿ?" ಎಂದರು. ಆ ತಾಯಿ ರಂಗೋಲಿ ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಕೆಲವು ದಿನ ಕಳೆದ ಮೇಲೆ ಸ್ಟೇರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತಿತು. ಎಂಜಿನ್ನಿನ ಚಿತ್ರ ಇರುವ ದೀಪ. ಒಂದು ದಿನ ನೋಡಿದರು, ಎರಡು ದಿನ ನೋಡಿದರು, ಕಣ್ಣಿಗೆ ಕಿರಿಕಿರಿ. ಮೂರನೆಯ ದಿನ ಅದರ ಮೇಲೆ ಒಂದು ಸ್ಟಿಕರ್ ಅಂಟಿಸಿಬಿಟ್ಟರು. ಯಾವ ಸ್ಟಿಕರ್ ಕೇಳಿ. ನಮ್ಮ ಮಠದ್ದು. ಜಾತ್ರೆಯ ವರ್ಷ ನಾನೇ ನನ್ನ ಕೈಯಾರೆ ಹಂಚಿದ್ದು. ಅಷ್ಟೇ ಅಲ್ಲ, ಎರಡು ಸಲ ಅದೇ ಕಾರಿನ ಮುಂದಿನ ಸೀಟಿನಲ್ಲಿ ಕೂತು ಪ್ರವಚನಕ್ಕೆ ಹೋದವನು ನಾನು. ಸ್ಟಿಕರ್ ನೋಡಿ, "ಒಳ್ಳೆ ಜಾಗಾದಾಗ ಹಚ್ಚೀರಿ" ಎಂದು ಹೊಗಳಿದವನೂ ನಾನೇ. ಆದ್ದರಿಂದ ಈ ಕಥೆಯಲ್ಲಿ ದಡ್ಡರು ಒಬ್ಬರೇ ಎಂದು ತಿಳಿಯಬೇಡಿ.

ಈಗ ಮನೆಯ ಇನ್ನೊಂದು ವಿಷಯ ಹೇಳಬೇಕು. ಅವರಿಗೆ ಒಬ್ಬಳೇ ಮಗಳು, ದಾಕ್ಷಾಯಿಣಿ. ಬಾಗಲಕೋಟೆ ಕಡೆ ಕೊಟ್ಟಿದ್ದರು. ಬಸುರಿ, ಏಳು ತುಂಬಿ ಎಂಟರಲ್ಲಿದ್ದಳು. ಕುಬುಸದ ಕಾರ್ಯ, ಅಂದರೆ ಸೀಮಂತ, ಗೊತ್ತುಮಾಡಿದ್ದರು. ತವರಿನವರು ಹಸಿರು ಸೀರೆ, ಕುಬುಸ, ಬುತ್ತಿ ತೆಗೆದುಕೊಂಡು ಹೋಗಬೇಕು. ಗುರುಪಾದಪ್ಪನವರು ಮಗಳಿಗೆ ದಿನಾ ಫೋನ್ ಮಾಡುತ್ತಿದ್ದರು. "ಹ್ಯಾಂಗದೀ ಅವ್ವಿ?" ಎನ್ನುತ್ತಿದ್ದರು. ಆ ಕಡೆ ಒಂದು ಗಳಿಗೆ ಸುಮ್ಮನೆ. ಆಮೇಲೆ, "ಆರಾಮ ಅದೀನಿ ಅಪ್ಪಾ." "ಹಾಂ, ಆರಾಮ ಇರು" ಎಂದು ಫೋನ್ ಇಡುತ್ತಿದ್ದರು. ಎಷ್ಟು ಹೊತ್ತಿನ ಮಾತು? ಹಾಲು ಉಕ್ಕುವುದರೊಳಗೆ ಮುಗಿಯುತ್ತಿತ್ತು.

"ಯಾಕೋ ಹುಡುಗಿ ದನಿ ಸರಿ ಇಲ್ರಿ, ಒಂದು ವಾರದಿಂದ" ಎಂದರು ನೀಲಗಂಗಮ್ಮ.

"ನಿನಗ ಕಾರಿನ ದನೀನೂ ಸರಿ ಇರಲಿಲ್ಲ" ಎಂದರು ಸಾಹುಕಾರರು.

ಎಂಥ ಮಾತು ನೋಡಿ. ಗೆದ್ದೆ ಎಂದುಕೊಂಡು ಆಡಿದ ಮಾತು.

ಕುಬುಸದ ದಿನ ಬಂತು. ಮುಂಜಾನೆಯೇ ಹೊರಟರು, ಗಂಡ ಹೆಂಡತಿ ಇಬ್ಬರೇ. ಹಿಂದಿನ ಸೀಟಿನಲ್ಲಿ ಸಜ್ಜೆರೊಟ್ಟಿ, ಕರ್ಚಿಕಾಯಿ, ಶೇಂಗಾ ಹೋಳಿಗೆ, ಐದು ಬಗೆ ಚಟ್ನಿ. ಕಾರಿನೊಳಗೆ ಭಜನೆಯ ಹಾಡು, ಸಾಕಷ್ಟು ಜೋರಾಗಿ. ಅರ್ಧ ದಾರಿಯಲ್ಲಿ ಒಂದು ಏರು. ಏರಿನಲ್ಲಿ ಕಾರು ಮುಕ್ಕರಿಯತೊಡಗಿತು. ಹಿಂದೆ ಬಂದ ಶೇಂಗಾ ತುಂಬಿದ ಟ್ರ್ಯಾಕ್ಟರು ಇವರನ್ನು ದಾಟಿ ಮುಂದೆ ಹೋಯಿತು. ಸಾಹುಕಾರರಿಗೆ ಅದೇ ಮೊದಲ ಅವಮಾನ. ಅಷ್ಟರಲ್ಲಿ ಒಂದು ಕೆಂಪು ದೀಪ ಮಿಣುಕಿತು. ಅಂಟಿಸಲು ಇನ್ನೊಂದು ಸ್ಟಿಕರ್ ಕೈಯಲ್ಲಿರಲಿಲ್ಲ. ಕಾರು ರಸ್ತೆಯ ಬದಿಗೆ ಬಂದು ನಿಂತೇಬಿಟ್ಟಿತು.

"ಇನ್ನೊಂದ ಸಲ ಹೊಡೀತೀನಿ" ಎಂದು ಗುರುಪಾದಪ್ಪನವರು ಚಾವಿಗೆ ಕೈ ಹಾಕುವುದರೊಳಗೆ ನೀಲಗಂಗಮ್ಮ ಚಾವಿ ಕಿತ್ತುಕೊಂಡು ತಮ್ಮ ಕೈಚೀಲಕ್ಕೆ ಹಾಕಿಕೊಂಡರು.

"ಸಾಕ್ರಿ. ಎರಡ ವರ್ಷ ನಿಮ್ಮ ಮಾತು ಕೇಳೈತಿ ಅದು. ಇವತ್ತೊಂದ ದಿನ ನನ್ನ ಮಾತು ಕೇಳ್ಲಿ."

ನಲವತ್ತು ವರ್ಷದ ಸಂಸಾರದಲ್ಲಿ ಆ ತಾಯಿ ಚಾವಿ ಕಿತ್ತುಕೊಂಡದ್ದು ಅದೇ ಮೊದಲು. ಆಮೇಲೆ ಗೊತ್ತಾಯಿತು, ಅವತ್ತು ಕಾರನ್ನು ಉಳಿಸಿದ್ದು ಆ ಕೈಚೀಲ. ಇನ್ನೊಂದು ಸಲ ಚಾವಿ ತಿರುಗಿಸಿದ್ದರೆ ಹಣೆಗೆ ಹಣೆ ಬಡಿದು ಎಂಜಿನ್ನೇ ಪುಡಿಯಾಗುತ್ತಿತ್ತಂತೆ.

ಮುಂದೆ ಹೋದ ಟ್ರ್ಯಾಕ್ಟರಿನವನೇ ತಿರುಗಿ ಬಂದು, ಹಗ್ಗ ಕಟ್ಟಿ, ಒಂದು ಗ್ಯಾರೇಜಿಗೆ ಎಳೆದುಕೊಂಡು ಹೋದ. ತಗಡಿನ ಚಾವಣಿ, ಒಂದು ಬೇವಿನಮರ. ಮೇಸ್ತ್ರಿಯ ಹೆಸರು ಮೌನೇಶ ಬಡಿಗೇರ. ಐವತ್ತು ದಾಟಿದ ಮನುಷ್ಯ. ಸಣ್ಣಂದಿನಿಂದ ತಂದೆಯ ಕುಲುಮೆಯಲ್ಲಿ ಚಮ್ಮಟಿಗೆ ಹೊಡೆದು ಹೊಡೆದು ಎರಡೂ ಕಿವಿ ಮಂದ. ಹೆಸರು ಮೌನೇಶ, ಕಿವಿಯೂ ಮೌನ. ತಾವು ಎಣ್ಣೆ ಗಿರಣಿಯವರು, ಕಾರು ಕೈಕೊಟ್ಟಿದೆ ಎಂದು ಸಾಹುಕಾರರು ನಾಲ್ಕು ಸಲ ಕೂಗಿ ಹೇಳಿದ ಮೇಲೆ ಐದನೆಯದಕ್ಕೆ ತಲೆಯಾಡಿಸಿದರು. ಗುರುಪಾದಪ್ಪನವರು ಹೆಂಡತಿಯ ಕಿವಿಯಲ್ಲಿ, "ಕಿವುಡನ ಕೈಗೆ ಸಿಕ್ಕಿವಿ" ಎಂದರು.

ಆ ಕಿವುಡರು ಏನು ಮಾಡಿದರು ಗೊತ್ತೆ? ಬಾನೆಟ್ ಮುಟ್ಟಲಿಲ್ಲ. ಕಾರು ಚಾಲೂ ಮಾಡಲೂ ಬಿಡಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿದರು.

"ಮುಂಜಾನಿ ಗಾಡಿ ಚಾಲೂ ಮಾಡೂಮುಂದ ಅದರ ಹೊರಗ ಹತ್ತಿರ ನಿಂತಿರೋರು ಯಾರ್ರಿ?"

ಸಾಹುಕಾರರು ಹೆಂಡತಿಯ ಕಡೆ ತಿರುಗಿದರು. ನೀಲಗಂಗಮ್ಮ ಮುಂದೆ ಬಂದರು.

"ನಾನು."

"ಹಂಗಾರ ನೀವು ಹೇಳ್ರಿ ತಾಯಿ. ಸಪ್ಪಳ ಎಂದ ಸುರು ಆತು? ಎಷ್ಟ ಹೊತ್ತು ಇರತಿತ್ತು?"

"ಎರಡ ವರ್ಷ ಆತ್ರಿ. ಮೊದಲ ಒಂದ ಚುಕ್ಕಿ ಇಡೋವಷ್ಟು. ಹೋದ ದೀಪಾವಳಿಗೆ ಒಂದು ಸಾಲು ಚುಕ್ಕಿ. ಯುಗಾದಿಗೆ ಮೂರು ಸಾಲು. ಆಮ್ಯಾಲ ದಪ್ಪ ಎಣ್ಣಿ ಹಾಕಿದ್ರು, ಕಟಕಟ ಹೋಗಿ ಗೊರಗೊರ ಆತು. ಈಗ ಹದಿನೈದು ದಿನದಿಂದ ಏನೂ ಕೇಳ್ಸವಲ್ದು."

ಮೌನೇಶ ಒಂದೊಂದು ಮಾತನ್ನೂ ಆ ತಾಯಿಯ ತುಟಿ ನೋಡುತ್ತ ಕೇಳಿಸಿಕೊಂಡರು. ಎರಡು ವರ್ಷದ ಲೆಕ್ಕವನ್ನು ರಂಗೋಲಿ ಚುಕ್ಕಿಯಲ್ಲಿ ಇಟ್ಟುಕೊಂಡ ತಾಯಿ, ತುಟಿ ನೋಡಿ ಕೇಳುವ ಮೇಸ್ತ್ರಿ. ಪಕ್ಕದಲ್ಲಿ ಕಿವಿ ಚೆನ್ನಾಗಿರುವ ಒಬ್ಬರು ಸುಮ್ಮನೆ ನಿಂತಿದ್ದರು.

ಆಮೇಲೆ ಮೌನೇಶ ಕಾರಿನ ಕೆಳಗೆ ಮಲಗಿ ಎಂಜಿನ್ ಎಣ್ಣೆಯನ್ನು ಬಿಳಿ ಬೇಸನ್ನಿಗೆ ಇಳಿಸಿಕೊಂಡರು. ಬಿಸಿಲಿಗೆ ತಂದು ಅಲ್ಲಾಡಿಸಿದರು. "ನೀವು ಎಣ್ಣಿ ಮಂದಿ ಅಂದ್ರಲ್ಲ, ನೋಡ್ರಿ" ಎಂದರು. ಗುರುಪಾದಪ್ಪನವರು ಒಂದು ಹನಿ ತೆಗೆದು ಬೆರಳಲ್ಲಿ ಉಜ್ಜಿದರು. ಬೆರಳು ನಕ್ಷತ್ರದ ಹಾಗೆ ಮಿನುಗಿತು. ಕಬ್ಬಿಣದ ಪುಡಿ. ಅದರ ನಡುವೆ ಉಗುರಿನಷ್ಟಗಲದ ಕಂದು ಚೂರುಗಳು, ಚೈನು ಅಲುಗದಂತೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಮುರಿದು ಬಿದ್ದದ್ದು. ಸಾಹುಕಾರರು ಆ ಬೆರಳನ್ನು ಬಹಳ ಹೊತ್ತು ನೋಡಿದರು. ಊರವರ ಎಣ್ಣೆಯನ್ನೆಲ್ಲ ಪರೀಕ್ಷೆ ಮಾಡಿದ ಬೆರಳು ಅದು.

ಮೇಲಿನ ಮುಚ್ಚಳ ತೆಗೆದರು. ಚೈನನ್ನು ಬೆರಳಿಂದ ಎತ್ತಿದರೆ ಹಳೆಯ ಲಾಡಿಯ ಹಾಗೆ ಎದ್ದು ಬಂತು. ತನ್ನ ಗಾಲಿಯ ಎರಡು ಹಲ್ಲು ದಾಟಿ ಜಿಗಿದಿತ್ತು, ತಾಳ ತಪ್ಪಿತ್ತು. ತಳದ ಎಣ್ಣೆಜರಡಿಗೆ ಚೂರುಗಳು ಸಿಕ್ಕಿ ಮುಕ್ಕಾಲು ಮುಚ್ಚಿತ್ತು.

"ಹೊಸ ಚೈನ್ ಹಾಕ್ರಿ, ಜರಡಿ ತೊಳೀರಿ, ಹೊಂಡತೀವಿ. ಮಗಳ ಕುಬುಸ ಐತಿ" ಎಂದರು ಗುರುಪಾದಪ್ಪ.

"ಹಾಕಬಹುದು. ನೀವೂ ಖುಷಿಲೆ ಹೋಗ್ತೀರಿ. ಆದ್ರ ಇಷ್ಟ ದಿನ ಅದು ಒಳಗ ಏನೇನ ಕೆಡಿಸೇತಿ ಅನ್ನೋದು ನೋಡಬ್ಯಾಡೇನ್ರಿ?"

ಮೌನೇಶ ಒಂದೊಂದೇ ಸಿಲಿಂಡರಿಗೆ ಗಾಳಿ ತುಂಬಿದರು. ಕಿವಿ ಕೇಳದವರಿಗೆ ಗಾಳಿ ಸೋರುವುದು ಹೇಗೆ ಗೊತ್ತಾಗಬೇಕು? ಹೊಗೆ ಕೊಳವೆಯ ಬಾಯಿಗೆ ಕೆನ್ನೆ ಇಟ್ಟು ನೆಲದ ಮೇಲೆ ಮಲಗಿದರು. ಮೊದಲನೆಯದು, ಏನಿಲ್ಲ. ಎರಡನೆಯದು, ಏನಿಲ್ಲ. ಮೂರನೆಯದಕ್ಕೆ ಕಣ್ಣು ತೆರೆದು, "ಬರ್ರಿ, ನೀವೂ ಇಡ್ರಿ" ಎಂದರು. ಕಲ್ಪಿಸಿಕೊಳ್ಳಿ. ರೇಷ್ಮೆ ಅಂಗಿ, ಜರಿಯ ಶಲ್ಯದ ಸಾಹುಕಾರರು ತಮ್ಮ ಕಾರಿನ ಹಿಂಭಾಗಕ್ಕೆ ಕೆನ್ನೆ ಕೊಟ್ಟು ಮಲಗಿದ್ದಾರೆ. ತಣ್ಣನೆಯ ಗಾಳಿ ಸಣ್ಣಗೆ ತಾಗುತ್ತಿತ್ತು, ನಿದ್ದೆ ಹೋದ ಕೂಸಿನ ಉಸಿರಿನ ಹಾಗೆ.

"ವಾಲ್ವ್ ಬಾಗೇತಿ. ಹೊಸಾ ಚೈನ್ ಹಾಕಿದ್ರ ಸಪ್ಪಳ ಹೋಗತಿತ್ತು, ಈ ಸೋರೋದು ಹೋಗತಿರಲಿಲ್ಲ. ಸಪ್ಪಳ ಮಾಡೂತನಕ ಗಾಡಿ ನಿಮ್ಮನ್ನ ಕರೀತಿತ್ತು ಸಾವ್ಕಾರ್ರ. ಸುಮ್ಮಾದ ಮ್ಯಾಲ ಕೆಟ್ಟೈತಿ."

ಆಮೇಲೆ ಒಳಗೆ ಬಗ್ಗಿ ನೋಡಿ, ಸ್ಟಿಕರನ್ನು ಉಗುರಿನಿಂದ ಎಬ್ಬಿಸಿ ತೆಗೆದರು. "ಇದನ್ಯಾಕ ಇಲ್ಲಿ ಹಚ್ಚೀರಿ?"

"ಅಜ್ಜಾರ ಆಶೀರ್ವಾದ."

"ಅಜ್ಜಾರು ದೀಪ ಹಚ್ಚ್ರಿ ಅಂತಾರ. ದೀಪ ಮುಚ್ಚ್ರಿ ಅಂತ ಎಂದ ಹೇಳ್ಯಾರ?"

ಅಜ್ಜಾರು ಎಂದರೆ ಮಠದ ಸ್ವಾಮಿ, ಅಂದರೆ ನಾನೇ. ಈ ಮಾತು ನನಗೆ ತಲುಪಿದ ದಿನ ನಾನು ಮಧ್ಯಾಹ್ನದ ಪ್ರಸಾದ ಅರ್ಧಕ್ಕೇ ಬಿಟ್ಟೆ. ಸತ್ಯ ಹೇಳುತ್ತೇನೆ.

ಕಾರು ಗ್ಯಾರೇಜಿನಲ್ಲೇ ಉಳಿಯಿತು. ಗಂಡ ಹೆಂಡತಿ ಬುತ್ತಿಗಂಟು ಹೊತ್ತು ಬಸ್ ಹತ್ತಿದರು. ಇಪ್ಪತ್ತು ವರ್ಷದ ಮೇಲೆ ಬಸ್ಸು ಹತ್ತಿದ ಸಾಹುಕಾರರಿಗೆ ಸಿಕ್ಕಿದ್ದು ಹಿಂದಿನ ಗಾಲಿಯ ಮೇಲಿನ ಸೀಟು, ತೊಡೆಯ ಮೇಲೆ ಚಟ್ನಿಯ ಡಬ್ಬಿ. ಬಸ್ಸು ಕುಣಿದಾಗಲೆಲ್ಲ ಅಗಸಿ ಚಟ್ನಿ ರೇಷ್ಮೆ ಅಂಗಿಯ ಮೇಲೆ. ಇಳಿಯುವ ಹೊತ್ತಿಗೆ ಒಂದೇ ಮಾತು ಕೇಳಿದರು.

"ಹುಡುಗಿ ದನಿ ಹ್ಯಾಂಗೈತಿ ಅಂದಿ?"

ಬೀಗರ ಮನೆಯಲ್ಲಿ ಹಾಡು, ನಗು, ಹೆಣ್ಣುಮಕ್ಕಳ ಗದ್ದಲ. ದಾಕ್ಷಾಯಿಣಿ ಹಸೆಯ ಮೇಲೆ ಕೂತಿದ್ದಳು. ಬಳೆಗಾರ್ತಿ ಹಸಿರು ಬಳೆ ಏರಿಸಲು ಹೆಣಗುತ್ತಿದ್ದಳು. "ಹೋದ ಸಲದ ಅಳತಿ ಬಳಿ ಇವು. ತವರಿನ ಬುತ್ತಿ ಬರೋದ್ಕಿಂತ ಮೊದಲ ಕೈ ದುಂಡಗ ಆಗ್ಯಾವಲ್ಲ" ಎಂದು ನಗೆಯಾಡಿದಳು. ಎಲ್ಲರೂ ನಕ್ಕರು. ನೀಲಗಂಗಮ್ಮ ನಗಲಿಲ್ಲ, ಗಂಡನ ಕಡೆ ನೋಡಿದರು. ಈ ಸಲ ಗಂಡ ಮುಖ ತಿರುಗಿಸಲಿಲ್ಲ.

ಗುರುಪಾದಪ್ಪನವರು ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಮಗಳ ಮುಂದೆ ನೆಲದ ಮೇಲೆ ಕೂತರು.

"ಹ್ಯಾಂಗದೀ ಅವ್ವಿ?"

ಒಂದು ಗಳಿಗೆ ಸುಮ್ಮನೆ. "ಆರಾಮ ಅದೀನಿ ಅಪ್ಪಾ."

ಅವರು ಏಳಲಿಲ್ಲ. "ಹಾಂ" ಎನ್ನಲಿಲ್ಲ. ಸುಮ್ಮನೆ ಮುಖ ನೋಡುತ್ತ ಕೂತರು. ಹಾಡುವವರು ಒಂದು ನುಡಿ ಮುಗಿಸಿದರು. ಆಮೇಲೆ ಹುಡುಗಿ ಅಪ್ಪನ ಕೈ ಹಿಡಿದಳು.

"ಖರೇ ಹೇಳಲೇನಪ್ಪಾ? ಒಂದು ವಾರದಿಂದ ತಲಿ ಸಿಡದ ಹೋಗ್ತೈತಿ. ಕಣ್ಣಮುಂದ ಮಿಣುಕು ಬರ್ತಾವ. ಮನಿ ತುಂಬ ಮಂದಿ, ಕಾರ್ಯ ಕೆಡಬಾರದು ಅಂತ ಈ ತಿಂಗಳ ದವಾಖಾನಿಗೆ ಹೋಗಿಲ್ಲ. ನೀ ದಿನಾ ಫೋನ್ ಮಾಡ್ತಿದ್ದಿ. ಹೇಳಬೇಕು ಅಂತ ಉಸರ ಎಳಕೊಳ್ಳೋದ್ರಾಗ ಇಟ್ಟಬಿಡ್ತಿದ್ದಿ."

ಹಾಡು ನಿಂತಿತು. ಬೀಗಿತ್ತಿ ಆರತಿ ತಟ್ಟೆ ಕೆಳಗಿಟ್ಟು, "ಮೊದಲ ಗಾಡಿ ತೆಗಿ" ಎಂದು ಮಗನಿಗೆ ಹೇಳಿದರು. ಅರ್ಧ ಬಳೆ ತೊಟ್ಟ ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಬಿ.ಪಿ. ನೋಡಿದರು, ಮತ್ತೊಮ್ಮೆ ನೋಡಿದರು, ಅಲ್ಲೇ ಮಲಗಿಸಿದರು. "ಇನ್ನ ಎರಡ ದಿನ ಬಿಟ್ಟಿದ್ರ ಫಿಟ್ಸ್ ಬರಬಹುದಿತ್ತು. ತಾಯಿ, ಕೂಸು ಇಬ್ಬರಿಗೂ ಅಪಾಯ ಇತ್ತು" ಎಂದರು. ಗುರುಪಾದಪ್ಪನವರು ಗೋಡೆಗೆ ಒರಗಿ ಕೂತುಬಿಟ್ಟರು. ಚಟ್ನಿಯ ಅಂಗಿಯಲ್ಲಿ ಅತ್ತರು. ಹೆಂಡತಿಯ ಕಡೆ ತಿರುಗಿ, "ನೀ ಹೇಳಿದ್ದಿ" ಎಂದರು. ಅಷ್ಟೇ. ಆ ತಾಯಿಯೂ "ಹೇಳಿದ್ದೆ" ಎನ್ನಲಿಲ್ಲ. ಬುತ್ತಿ ಬಿಚ್ಚಿ ಒಂದು ರೊಟ್ಟಿ ಕೈಗಿಟ್ಟರು.

ಮೂರು ವಾರ ಆಸ್ಪತ್ರೆಯಲ್ಲಿದ್ದು ದಾಕ್ಷಾಯಿಣಿ ಹೆಣ್ಣುಕೂಸು ಹೆತ್ತಳು. ದಿನ ತುಂಬುವ ಮೊದಲೇ ಬಂದ ಕೂಸು, ಅಂಗೈ ಅಗಲ. ಕೆಲವು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಈಗ ಮನೆ ಹಾರಿ ಹೋಗುವ ಹಾಗೆ ಅಳುತ್ತದಂತೆ. ಅಜ್ಜ ಅದನ್ನು ಎತ್ತಿಕೊಂಡು, "ಅಳು ಅವ್ವಾ, ಇನ್ನಷ್ಟು ಅಳು" ಎನ್ನುತ್ತಾರಂತೆ.

ಕಥೆ ಮುಗಿಯಿತು. ಈಗ ನಗು ನಿಲ್ಲಿಸಿ ನನ್ನ ಕಡೆ ನೋಡಿ.

ನಿಮ್ಮ ಮನೆಯಲ್ಲಿ ಮೊದಲು ಕೇಳಿಸಿಕೊಳ್ಳುವವರು ಯಾರು? ನಿಮ್ಮ ಬಗ್ಗೆ ನಿಮಗಿಂತ ಮೊದಲು ತಿಳಿಯುವವರು ಯಾರು? ಅವರು ಹೇಳಿದಾಗ ನೀವು ಏನು ಹಾಕುತ್ತೀರಿ? ದಪ್ಪ ಎಣ್ಣೆ ಹಾಕುತ್ತೀರಿ. ಜೋಕು ಹಾಕುತ್ತೀರಿ. ಟಿ.ವಿ. ಹಾಕುತ್ತೀರಿ. ಕೆಲವರು ದೇವರನ್ನೇ ಹಾಕುತ್ತೀರಿ, "ಎಲ್ಲಾ ಅವನ ಇಚ್ಛೆ" ಎಂದು. ದೇವರ ಹೆಸರಿನಿಂದ ದೀಪ ಮುಚ್ಚಬೇಡಿ. ಇದನ್ನು ನನಗೆ ನಾನೇ ಮೊದಲು ಹೇಳಿಕೊಂಡಿದ್ದೇನೆ. ಈಗ ಮಠಕ್ಕೆ ಬಂದು ಯಾರಾದರೂ ಕಷ್ಟ ಹೇಳಿದರೆ, ವಿಭೂತಿ ಕೊಡುವ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ.

ಮನೆಯಲ್ಲಿ ಜಗಳವಿಲ್ಲ, ಎಲ್ಲ ಶಾಂತ ಎಂದು ಹೆಮ್ಮೆಪಡುವವರೇ, ಆ ಶಾಂತಿ ಎಂಥದ್ದು ಎಂದು ಒಮ್ಮೆ ಪರೀಕ್ಷಿಸಿ. ಹೇಳಿ ಹೇಳಿ ಬೇಸತ್ತು ಸುಮ್ಮನಾದವರು ಆರಾಮಾಗಿದ್ದಾರೆ ಎಂದಲ್ಲ. ತಪ್ಪು ಮಾಡಿದವರೇ, "ಸಾರಿ" ಎಂದುಬಿಟ್ಟರೆ ಹೊಸ ಚೈನು ಹಾಕಿದ ಹಾಗೆ, ಸದ್ದು ಹೋಗುತ್ತದೆ. ಒಳಗೆ ಏನು ಬಾಗಿದೆ ಎಂದು ಕೆನ್ನೆ ಕೊಟ್ಟು ನೋಡುವವರು ಯಾರು? ಅಂಗಿ ಕೊಳೆಯಾಗುತ್ತದೆ. ಆಗಲಿ.

ನಾಳೆಯಿಂದ ಇಷ್ಟು ಮಾಡಿ. ಮನೆಯವರು ಒಂದು ಮಾತನ್ನು ಎರಡನೆಯ ಸಲ ಹೇಳಿದರೆ ಮೂರನೆಯದಕ್ಕೆ ಕಾಯಬೇಡಿ, ಕೈಯಲ್ಲಿದ್ದ ಫೋನ್ ಬೋರಲು ಹಾಕಿ ಅವರ ಮುಖ ನೋಡಿ. ದೂರದ ಮಕ್ಕಳಿಗೆ ಫೋನ್ ಮಾಡಿದರೆ "ಆರಾಮ" ಎಂದ ಕೂಡಲೆ ಇಡಬೇಡಿ, ಆಮೇಲೆ ಬರುವ ಉಸಿರನ್ನೂ ಕೇಳಿ. ನಿಮಗೆ ಹಿತವಾದದ್ದನ್ನೇ ಹೇಳುವವನ ಹತ್ತಿರ ಸಲಹೆ ಕೇಳುವುದನ್ನು ಬಿಡಿ. ಹೊಟ್ಟೆಯಲ್ಲಿ ಕೂಸಿರುವ ತಾಯಂದಿರೇ, ತಲೆ ಸಿಡಿದರೆ, ಕೈ ಕಾಲು ಊದಿದರೆ, ಕಾರ್ಯ ಕೆಡುತ್ತದೆ ಎಂದು ಮುಚ್ಚಿಡಬೇಡಿ. ಕಾರ್ಯ ನಾಳೆ ಆಗುತ್ತದೆ.

ಇನ್ನು ಮಂಗಳಾರತಿ. ತಟ್ಟೆ ಸಿದ್ಧವಿದೆ, ಹಚ್ಚುವವರು ಅವಸರ ಮಾಡಬೇಡಿ. ಎಲ್ಲರೂ ಪಕ್ಕದಲ್ಲಿ ಕೂತ ನಿಮ್ಮವರ ಕಡೆ ತಿರುಗಿ. ಗಂಡ, ಹೆಂಡತಿ, ಅತ್ತೆ, ಸೊಸೆ, ಯಾರಿದ್ದಾರೋ ಅವರು. "ಹ್ಯಾಂಗದೀ?" ಎಂದು ಕೇಳಿ. "ಆರಾಮ" ಎನ್ನುತ್ತಾರೆ. ಆಮೇಲೆ ಸುಮ್ಮನೆ ಕೂತಿರಿ.

ದೇವರು ಕಾಯುತ್ತಾನೆ. ನಾನೂ ಮೈಕು ಬಂದ್ ಮಾಡುತ್ತೇನೆ.